ಅದು ಹೇಗೆ ಗೊತ್ತಾಯಿತು?

ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯಕ್ಕೆ ಭಾರಿ ಬರ ಬಂತು. ಸ್ನಾನ ಬೇಗ ಮುಗಿಸಿ, ನೀರು ಉಳಿಸಿ ಎಂಬ ಮಾತು ಮನೆಮನೆಗೂ ಹೋಯಿತು. ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಇಟ್ಟುಕೊಳ್ಳುವ ಮೂರು ನಿಮಿಷದ ಗಡಿಯಾರ ಎಷ್ಟೋ ಬಚ್ಚಲುಮನೆಗಳ ಗೋಡೆ ಏರಿತು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾರ್ಥಿಗಳ ಡೀನ್ ಆಗಿದ್ದ ಅಲನ್ ಲಾಸನ್ ಅವರಿಗೆ ಒಂದು ಯೋಚನೆ ಹೊಳೆದದ್ದು ಆಗಲೇ. ಮೂರು ನಿಮಿಷದಲ್ಲಿ ಮೀಯಬಹುದಾದರೆ ಮೂರು ನಿಮಿಷದಲ್ಲಿ ಪಿಎಚ್.ಡಿ.ಯನ್ನೂ ಹೇಳಬಹುದಲ್ಲ? 2008ರಲ್ಲಿ ನಡೆದ ಮೊದಲ ‘ಮೂರು ನಿಮಿಷದ ಮಹಾಪ್ರಬಂಧ’ ಸ್ಪರ್ಧೆಗೆ 160 ಮಂದಿ ನಿಂತರು. ಈಗ ಅದು ಎಂಬತ್ತಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತದೆ.

ನಿಯಮಗಳು ಕಟ್ಟುನಿಟ್ಟು. ಪರದೆಯ ಮೇಲೆ ಅಲುಗದ ಒಂದೇ ಒಂದು ಚಿತ್ರ. ಕೈಯಲ್ಲಿ ಮಾದರಿ, ಉಪಕರಣ ಯಾವುದೂ ಇರಕೂಡದು. ಹಾಡಿ ಹೇಳುವಂತಿಲ್ಲ, ಪದ್ಯ ಕಟ್ಟುವಂತಿಲ್ಲ, ಬರೀ ಮಾತಿನಲ್ಲೇ ಹೇಳಬೇಕು. ಹೊತ್ತು ಮೀರಿದರೆ ಸ್ಪರ್ಧೆಯಿಂದ ಹೊರಗೆ. ತೀರ್ಪುಗಾರರಿಗೆ ಕೊಟ್ಟಿರುವ ಮಾನದಂಡಗಳಲ್ಲಿ, ವಿಷಯವನ್ನು ತೀರಾ ಹಗುರ ಮಾಡಲಿಲ್ಲ ತಾನೆ ಎಂಬ ಪ್ರಶ್ನೆಯೂ ಇದೆ. ಅದನ್ನು ಸೇರಿಸಿದವರು ಅನುಭವಸ್ಥರೇ ಇರಬೇಕು.

ಇಂಥ ಸ್ಪರ್ಧೆಗಳನ್ನು ಹೀಗಳೆಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಐದಾರು ವರ್ಷ ಪ್ರಯೋಗಾಲಯದಲ್ಲೋ ಹಸ್ತಪ್ರತಿ ಭಂಡಾರದಲ್ಲೋ ಕೂತವರಿಗೆ ನೆಂಟರ ಮದುವೆಯಲ್ಲಿ “ಇನ್ನೂ ಓದ್ತಾನೇ ಇದೀಯೇನಪ್ಪ?” ಎಂಬ ಮಾತು ತಪ್ಪಿದ್ದಲ್ಲ. “ಏನು ಓದ್ತಾ ಇದೀಯಾ?” ಎಂಬ ಎರಡನೆಯ ಪ್ರಶ್ನೆಗೆ ಒಂದು ನೆಟ್ಟಗಿನ ಉತ್ತರವನ್ನು ಈ ಸ್ಪರ್ಧೆ ಕಲಿಸುತ್ತದೆ. ತೊಂದರೆ ಇರುವುದು ಬೇರೆ ಕಡೆ. ಮೂರು ನಿಮಿಷದಲ್ಲಿ ಪ್ರಶ್ನೆ ಹಿಡಿಸುತ್ತದೆ, ಉತ್ತರವೂ ಹಿಡಿಸುತ್ತದೆ. ಇವೆರಡರ ನಡುವಿನ ದಾರಿ ಮಾತ್ರ ಹೊರಗೆ ಉಳಿಯುತ್ತದೆ. ಖಾಲಿ ಬಿದ್ದ ಆ ಜಾಗಕ್ಕೆ ‘ಉಪಯೋಗ’ ಬಂದು ಕೂರುತ್ತದೆ. ಯಾವುದೋ ಒಂದು ಪ್ರೋಟೀನಿನ ಮಡಿಕೆಯನ್ನು ಅಳೆದವರು ಕ್ಯಾನ್ಸರಿಗೆ ಮದ್ದು ಕೊಡುವವರಾಗುತ್ತಾರೆ. ಒಂದು ತಾಲ್ಲೂಕಿನ ಕೆರೆಗಳ ದಾಖಲೆ ಓದಿದವರು ನಾಡಿನ ನೀರಿನ ಸಮಸ್ಯೆಯನ್ನೇ ಬಗೆಹರಿಸಿಬಿಡುತ್ತಾರೆ.

ಪರಿಣತರಲ್ಲದವರಿಗೆ ಸಂಶೋಧನೆಯನ್ನು ವಿವರಿಸುವುದೆಂದರೆ, ಗೊತ್ತಾದ ಸಂಗತಿಯನ್ನು ಹೇಳಿ ಮುಗಿಸುವುದಲ್ಲ, ಅದು ಗೊತ್ತಾದ ಬಗೆಯನ್ನು ಹೇಳುವುದು ಎಂಬುದು ಈ ಉಪನ್ಯಾಸದ ವಾದ. ಹಾಗೆ ಹೇಳಿದರೆ ಉಪಯೋಗದ ಆಸೆ ತೋರಿಸುವ ಅಗತ್ಯ ಬೀಳದು. ಕೇಳುವವರಿಗೆ ನಂಬುವುದಕ್ಕೂ ಅನುಮಾನಪಡುವುದಕ್ಕೂ ಒಂದು ಹಿಡಿ ಸಿಗುತ್ತದೆ.

ಸಂಶೋಧನೆ ಜನಕ್ಕೆ ತಿಳಿಯುವುದಿಲ್ಲ ಎಂದಾಗ ಸಾಮಾನ್ಯವಾಗಿ ದೂರೆಲ್ಲ ಭಾಷೆಯ ಮೇಲೆ ಬೀಳುತ್ತದೆ. ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಸ್ವೀಡನ್ನಿನ ಸಂಶೋಧಕರು 1881ರಿಂದ 2015ರವರೆಗೆ 123 ವಿಜ್ಞಾನ ಪತ್ರಿಕೆಗಳಲ್ಲಿ ಬಂದ ಏಳು ಲಕ್ಷಕ್ಕೂ ಹೆಚ್ಚು ಲೇಖನಗಳ ಸಾರಾಂಶಗಳನ್ನು ಅಳೆದು, ಅವು ವರ್ಷದಿಂದ ವರ್ಷಕ್ಕೆ ಓದಲು ಕಠಿಣವಾಗುತ್ತಿವೆ ಎಂದು 2017ರಲ್ಲಿ ತೋರಿಸಿದರು. ಆದರೆ ಕಷ್ಟದ ಪದ ತೆಗೆದು ಸುಲಭದ ಪದ ಹಾಕಿದ ಮಾತ್ರಕ್ಕೆ ವಿವರಣೆ ಆಗುವುದಿಲ್ಲ. ಒಂದು ಹಳೆಯ ಮಹಾಪ್ರಬಂಧವನ್ನು ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ.

1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ಗುಮಾಸ್ತನೊಬ್ಬ ಜ್ಯೂರಿಕ್ ವಿಶ್ವವಿದ್ಯಾನಿಲಯಕ್ಕೆ ಒಂದು ಪುಟ್ಟ ಮಹಾಪ್ರಬಂಧ ಸಲ್ಲಿಸಿದ. ಮೂವತ್ತು ಪುಟವೂ ಇಲ್ಲ. ವಿಷಯ, ಅಣುಗಳ ಗಾತ್ರವನ್ನು ಅಳೆಯುವ ಹೊಸ ವಿಧಾನ. ಅಣುಗಳು ನಿಜಕ್ಕೂ ಇವೆಯೇ ಎಂದು ದೊಡ್ಡ ವಿಜ್ಞಾನಿಗಳೇ ಕೇಳುತ್ತಿದ್ದ ಕಾಲವದು. ಗುಮಾಸ್ತನ ಹೆಸರು ಆಲ್ಬರ್ಟ್ ಐನ್‌ಸ್ಟೈನ್. ಸಾಪೇಕ್ಷತೆಯ ಮುಂದೆ ಈ ಪ್ರಬಂಧದ ನೆನಪು ಮಸುಕಾಗಿದೆ. ಇಷ್ಟಕ್ಕೂ ಅದರಲ್ಲಿರುವುದು ಸಕ್ಕರೆ ನೀರು.

ನೀರಿಗೆ ಸಕ್ಕರೆ ಹಾಕಿ ಕರಗಿಸಿದರೆ ನೀರು ಮಂದವಾಗುತ್ತದೆ. ಪಾಕ ಕಾಯಿಸುವವರೆಲ್ಲ ಬಲ್ಲ ಸಂಗತಿ. ಎಷ್ಟು ಮಂದವಾಗುತ್ತದೆ ಎಂಬುದು, ಕರಗಿದ ಸಕ್ಕರೆಯ ಕಣಗಳೆಲ್ಲ ಸೇರಿ ಒಟ್ಟು ಎಷ್ಟು ಜಾಗ ಹಿಡಿದಿವೆ ಎಂಬುದರ ಮೇಲೆ ನಿಂತಿದೆ. ಆದರೆ ಒಟ್ಟು ಜಾಗ ಗೊತ್ತಾದರೆ ಸಾಲದು. ಸಣ್ಣ ಕಣಗಳು ಬಹಳವಿದ್ದರೂ ಅಷ್ಟೇ ಜಾಗ, ದೊಡ್ಡ ಕಣಗಳು ಕೆಲವೇ ಇದ್ದರೂ ಅಷ್ಟೇ ಜಾಗ. ಅದಕ್ಕಾಗಿ ಇನ್ನೊಂದು ಅಳತೆ ಬೇಕು. ನೀರಿನಲ್ಲಿ ಸಕ್ಕರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಷ್ಟು ಬೇಗ ಹರಡುತ್ತದೆ? ದಪ್ಪ ಕಣ ನಿಧಾನ, ಸಣ್ಣದು ಚುರುಕು. ಹೀಗೆ ಎರಡು ಅಳತೆ ಸಿಕ್ಕವು. ಗೊತ್ತಿಲ್ಲದ್ದೂ ಎರಡೇ: ಒಂದು ಕಣದ ಗಾತ್ರ, ಮತ್ತು ಕಣಗಳ ಎಣಿಕೆ. ಎರಡು ಸಮೀಕರಣ, ಎರಡು ಅಜ್ಞಾತ, ಹೈಸ್ಕೂಲಿನ ಬೀಜಗಣಿತದ ಹಾಗೆ ಲೆಕ್ಕ ಬಿಡಿಸಿಕೊಳ್ಳುತ್ತದೆ. ಮಸೂರಕ್ಕೂ ಕಾಣದ ಅಣುವನ್ನು ಅಳೆಯಲು ಆತ ಹೊಸ ಪ್ರಯೋಗವನ್ನೇ ಮಾಡಲಿಲ್ಲ. ಪುಸ್ತಕಗಳಲ್ಲಿ ಆಗಲೇ ಅಚ್ಚಾಗಿದ್ದ ಅಂಕಿಗಳನ್ನು ತೆಗೆದುಕೊಂಡ, ಅಷ್ಟೆ.

ಕಥೆಗೆ ಬಾಲವೊಂದಿದೆ. ಪ್ಯಾರಿಸಿನಲ್ಲಿ ಜಾಕ್ ಬಾನ್ಸ್‌ಲ್ಯಾಂ ಎಂಬವರು ನೀರು ಮಂದವಾಗುವ ಲೆಕ್ಕದ ಈ ಸೂತ್ರವನ್ನು ಪ್ರಯೋಗಕ್ಕೆ ಒಡ್ಡಿದಾಗ ತಾಳೆಯಾಗಲಿಲ್ಲ. ಐನ್‌ಸ್ಟೈನ್ ತಮ್ಮ ಲೆಕ್ಕವನ್ನು ಮತ್ತೆ ನೋಡಿಕೊಂಡರು, ತಪ್ಪು ಸಿಗಲಿಲ್ಲ. ತಮ್ಮೊಡನೆ ಕೆಲಸ ಮಾಡುತ್ತಿದ್ದ ಲುಡ್ವಿಗ್ ಹಾಪ್‌ಗೆ ನೋಡಲು ಹೇಳಿದರು, ಸಿಕ್ಕಿತು. 1911ರಲ್ಲಿ ತಿದ್ದುಪಡಿ ಅಚ್ಚಾಯಿತು. ಕಣಗಳ ಎಣಿಕೆ ಏರಿ, ಇಂದು ಒಪ್ಪಿರುವ ಅಂಕಿಯ ಹತ್ತಿರ ಬಂತು. ಡಾಕ್ಟರೇಟ್ ಬಂದು ಐದಾರು ವರ್ಷವಾದ ಮೇಲೆ! ಮುಂದೆ ಈ ಸೂತ್ರ ಸಿಮೆಂಟು ಕಲಸುವವರಿಗೂ ಹಾಲಿನ ಉದ್ಯಮಕ್ಕೂ ಮೋಡದ ಕಣಗಳನ್ನು ಓದುವವರಿಗೂ ಬೇಕಾಯಿತು. 1905ರಲ್ಲಿ ಇದರ ಉಪಯೋಗವೇನು ಎಂದು ಯಾರಾದರೂ ಕೇಳಿದ್ದರೆ ಸಿಮೆಂಟು ಎಂಬ ಉತ್ತರ ಬರುತ್ತಿರಲಿಲ್ಲ.

ಈ ವಿವರಣೆಯಲ್ಲಿ ಹೈಸ್ಕೂಲು ದಾಟಿದ ಒಂದು ಪಾರಿಭಾಷಿಕ ಪದವೂ ಬರಲಿಲ್ಲ. ಆದರೂ ಪ್ರಬಂಧದ ತಿರುಳು ಪೂರ್ತಿ ಬಂದಿದೆ, ಅದರ ತಪ್ಪಿನ ಸಮೇತ.

ಇನ್ನು ಬೆಂಗಳೂರಿನ ಒಂದು ಮಹಾಪ್ರಬಂಧ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಪ್ರಯೋಗಾಲಯದಲ್ಲಿ ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಮೇಲೆ ಬೆಳಕು ಹಾಯಿಸಿ, ವಜ್ರ ಹೊಮ್ಮಿಸುವ ಮತ್ತು ನುಂಗುವ ಬಣ್ಣಗಳನ್ನು ಬಿಡಿಸಿ ನೋಡಿದರು. ಆ ಬೆಳಕು ಎಷ್ಟು ಕ್ಷೀಣವೆಂದರೆ ಫೋಟೋ ತಟ್ಟೆಯ ಮೇಲೆ ಅದು ಮೂಡಲು ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ರಾತ್ರಿಗಳೂ ಪ್ರಯೋಗಾಲಯದಲ್ಲೇ ಕಳೆದವು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಆಗಿಲ್ಲವೆಂಬ ಕಾರಣಕ್ಕೆ ಪದವಿ ಬರಲಿಲ್ಲ. ಹೊಲಿದು ರಟ್ಟು ಹಾಕಿದ ಆ ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ವಜ್ರ ಎಂದ ಕೂಡಲೇ ಯಾರ ಕಿವಿಯಾದರೂ ನಿಮಿರುತ್ತದೆ. ಆದರೆ ಕೇಳುಗರನ್ನು ಸಂಶೋಧನೆಯ ಒಳಕ್ಕೆ ಕರೆದೊಯ್ಯುವುದು ವಜ್ರದ ಬೆಲೆಯಲ್ಲ, ಆ ಇಪ್ಪತ್ತು ಗಂಟೆ. ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದು ಅವರು ಕೇಳಿದರೆ ಅರ್ಧ ಕೆಲಸ ಆದಂತೆ.

ಗಣಿತದವರ ಪಾಡು ಎಲ್ಲರಿಗಿಂತ ಕಷ್ಟ. ತೋರಿಸಲು ವಜ್ರವೂ ಇಲ್ಲ, ಸಕ್ಕರೆಯೂ ಇಲ್ಲ. ಅವರಲ್ಲಿ ಕೆಲವರು ಕುಣಿದೇ ತೋರಿಸಿದರು. ಪಿಎಚ್.ಡಿ.ಯನ್ನು ನೃತ್ಯವಾಗಿ ಹೇಳುವ ಸ್ಪರ್ಧೆಯನ್ನು ಜಾನ್ ಬೊಹಾನನ್ 2008ರಲ್ಲಿ ಶುರುಮಾಡಿದರು, ‘ಸೈನ್ಸ್’ ಪತ್ರಿಕೆ ಅದಕ್ಕೆ ಆಸರೆಯಾಯಿತು. 2017ರಲ್ಲಿ ಗೆದ್ದ ನ್ಯಾನ್ಸಿ ಶೆರಿಕ್ ಅವರ ವಿಷಯ ಜಡೆಗಳ ಗಣಿತ. ನಮ್ಮ ಜಡೆಕೋಲಾಟ ಕಂಡವರಿಗೆ ಇದು ಬೇಗ ಹತ್ತುತ್ತದೆ. ಮೇಲೆ ಕಟ್ಟಿದ ಹಗ್ಗಗಳ ತುದಿ ಹಿಡಿದು ಹೆಜ್ಜೆ ಹಾಕುತ್ತ ಹೋದಂತೆ ಜಡೆ ಬೀಳುತ್ತದೆ, ಅದೇ ಹೆಜ್ಜೆಯನ್ನು ಹಿಂದುಮುಂದಾಗಿ ಹಾಕಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಒಂದು ಜಡೆಯ ಕೆಳಗೆ ಇನ್ನೊಂದನ್ನು ಮುಂದುವರಿಸಿ ಹೆಣೆದರೆ ಅದು ಕೂಡಿಸಿದ ಹಾಗೆ, ಬಿಚ್ಚಿದರೆ ಕಳೆದ ಹಾಗೆ. ಹೆಣಿಗೆಗೂ ಹೀಗೆ ಲೆಕ್ಕವಿದೆ ಎಂದಾದ ಮೇಲೆ ಗಣಿತಜ್ಞರು ಪ್ರತಿ ಜಡೆಗೂ ಅಂಕಿಗಳ ಒಂದು ಕೋಷ್ಟಕ ಬರೆದುಕೊಡಲು ಹೊರಟರು. ಎರಡು ಬೇರೆ ಬೇರೆ ಜಡೆಗಳಿಗೆ ಒಂದೇ ಕೋಷ್ಟಕ ಬಂದುಬಿಟ್ಟರೆ? ಬುರಾವ್ ಎಂಬವರ ಹೆಸರಿನ ಪ್ರಸಿದ್ಧ ವಿಧಾನದಲ್ಲಿ, ಮೂರು ಎಳೆಯ ಜಡೆಗೆ ಆ ಭಯವಿಲ್ಲ. ಐದು ಮತ್ತು ಅದಕ್ಕೂ ಹೆಚ್ಚಿನ ಎಳೆಗಳಿದ್ದರೆ ಹಾಗಾಗುತ್ತದೆ ಎಂದು ಸಾಬೀತಾಗಿದೆ. ನಾಲ್ಕು ಎಳೆಯದು ದಶಕಗಳಿಂದ ಕಾಡುತ್ತ ಬಂದಿರುವ ಪ್ರಶ್ನೆ. ಮೂರಕ್ಕೆ ಸರಿ, ಐದಕ್ಕೆ ತಪ್ಪು, ನಾಲ್ಕಕ್ಕೆ ಏನು ಎಂಬಲ್ಲಿಗೆ ಕೇಳುಗರನ್ನು ತಂದು ನಿಲ್ಲಿಸಿದರೆ, ಗಣಿತದಿಂದ ಏನು ಪ್ರಯೋಜನ ಎಂದು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ.

ಇಲ್ಲಿಯವರೆಗೆ ಬಂದ ವಿಷಯಗಳಲ್ಲಿ ಕೇಳುಗರಿಗೆ ಮೊದಲು ಏನೂ ಗೊತ್ತಿರುವುದಿಲ್ಲ. ಸಾಹಿತ್ಯ, ಇತಿಹಾಸ, ಜಾನಪದ, ಸಮಾಜಶಾಸ್ತ್ರಗಳ ಕಷ್ಟ ಇದಕ್ಕೆ ತದ್ವಿರುದ್ಧ. ಇಲ್ಲಿ ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತು. ಕ್ವಾಂಟಂ ಭೌತವಿಜ್ಞಾನಿಯನ್ನು ತಡೆದು “ಹಾಗಲ್ಲ ಸ್ವಾಮಿ” ಎನ್ನುವ ಸಭಿಕರು ಅಪರೂಪ. ವಚನಗಳ ಬಗ್ಗೆ, ಜಾತಿಯ ಬಗ್ಗೆ, ಊರಿನ ದೇವರ ಬಗ್ಗೆ ಮಾತಾಡಿದರೆ ಸಭೆಯಲ್ಲಿ ಅರ್ಧ ಮಂದಿ ಎದ್ದು ನಿಲ್ಲುತ್ತಾರೆ. ಇದು ಒಳ್ಳೆಯದೇ. ಆದರೆ ಅವರ ಮುಂದೆ ‘ಹೇಗೆ ಗೊತ್ತಾಯಿತು’ ಎಂಬುದನ್ನು ಇನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನೇ ನೋಡಬಹುದು. ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಬರೆದ ಮಹಾಪ್ರಬಂಧವಿದು, 1966ರಲ್ಲಿ ಪುಸ್ತಕವಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು ಇದರ ಆಕರ. ಬಿ.ಎಲ್. ರೈಸ್ ಕಾಲದಿಂದಲೂ ಶಾಸನಗಳು ಸಂಪುಟ ಸಂಪುಟಗಳಾಗಿ ಅಚ್ಚಾಗುತ್ತ ಬಂದಿದ್ದವು. ಅವುಗಳಲ್ಲಿ ವಿದ್ವಾಂಸರು ಹೆಚ್ಚಾಗಿ ಹುಡುಕುತ್ತಿದ್ದದ್ದು ರಾಜರ ವಂಶಾವಳಿ, ಯುದ್ಧದ ತೇದಿ, ಕವಿಗಳ ಕಾಲ. ಚಿದಾನಂದಮೂರ್ತಿ ಅವೇ ಕಲ್ಲುಗಳನ್ನು ಬೇರೆ ಪ್ರಶ್ನೆ ಕೇಳಿದರು: ಜನ ಹೇಗೆ ಬದುಕಿದ್ದರು, ಯಾವುದಕ್ಕಾಗಿ ಸತ್ತರು?

ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ಕಾಣದವರಿಲ್ಲ. ಕೆಲವು ಕಡೆ ಅದಕ್ಕೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ, ಕೆಲವು ಕಡೆ ಒಗೆದ ಬಟ್ಟೆ ಹರವುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಪಕ್ಕದಲ್ಲಿ ದನಗಳ ಸಾಲು. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ನಿಕೆಯರು. ಮೇಲೆ ಶಿವಲಿಂಗದ ಮುಂದೆ ಕೂತ ಅದೇ ವೀರ. ತುರು ಹಿಡಿಯಲು ಬಂದವರೊಡನೆ ಹೋರಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟದ್ದು ಅಕ್ಷರವಿರುವ ಕಲ್ಲುಗಳಲ್ಲಿ ಸಿಗುತ್ತದೆ. ಒಂದು ಕಲ್ಲು ಒಬ್ಬನ ಕಥೆ. ನೂರಾರು ಕಲ್ಲುಗಳನ್ನು ಕಾಲದ ಪ್ರಕಾರ, ಜಾಗದ ಪ್ರಕಾರ ಜೋಡಿಸಿದಾಗ ಆ ಸಮಾಜದಲ್ಲಿ ದನಕ್ಕೆ ಎಷ್ಟು ಬೆಲೆಯಿತ್ತು, ಸಾವಿಗೆ ಯಾವ ಮರ್ಯಾದೆಯಿತ್ತು, ಊರು ತನ್ನವರ ಋಣವನ್ನು ಹೇಗೆ ತೀರಿಸುತ್ತಿತ್ತು ಎಂಬುದು ಕಾಣುತ್ತದೆ. ಊರಿನವರಿಗೆ ತಮ್ಮ ಕಲ್ಲು ಗೊತ್ತು. ಸಂಶೋಧಕ ಕೊಡುವುದು ಆ ಜೋಡಣೆಯನ್ನು. ಇದನ್ನು ಊರಿನಲ್ಲೇ, ಆ ಕಲ್ಲಿನ ಪಕ್ಕದಲ್ಲೇ ನಿಂತು ಹೇಳಿದರೆ ಸ್ಲೈಡಿನ ಗೊಡವೆಯೇ ಇಲ್ಲ.

ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರದು ಇನ್ನೂ ವಿಚಿತ್ರ. ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಅವರ ಆಕ್ಸ್‌ಫರ್ಡ್ ಮಹಾಪ್ರಬಂಧ 1952ರಲ್ಲಿ ಪುಸ್ತಕವಾಗಿ, ಸಮಾಜಶಾಸ್ತ್ರಜ್ಞರ ನಡುವೆ ದೊಡ್ಡ ಹೆಸರು ಮಾಡಿತು. ಸಾಮಾನ್ಯ ಓದುಗರ ಕೈಗೆ ಹೋದದ್ದು ಅದಲ್ಲ. 1948ರಲ್ಲಿ ಅವರು ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿ ಕ್ಷೇತ್ರಕಾರ್ಯ ಮಾಡಿದರು, ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. ವರ್ಷಗಟ್ಟಲೆ ಕೂತು ಆ ಟಿಪ್ಪಣಿಗಳನ್ನು ವಿಂಗಡಿಸಿ ಮೂರು ಪ್ರತಿ ಮಾಡಿ ಇಟ್ಟಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ಮೂರು ಪ್ರತಿಗಳೂ ಅಲ್ಲೇ ಇದ್ದವು. ನೆನಪಿನಿಂದಲೇ ಬರೆದುಬಿಡಿ ಎಂದು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಸಲಹೆ ಕೊಟ್ಟರು. ಹಾಗೆ ಹುಟ್ಟಿದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.

ಅದರಲ್ಲಿ ಕೋಷ್ಟಕಗಳ ಜಾಗಕ್ಕೆ ಮನುಷ್ಯರು ಬಂದಿದ್ದಾರೆ. ಊರಿನ ಪಟೇಲ, ಕುಳ್ಳೇಗೌಡ, ಇವರ ಬಿಗುಮಾನ, ಜಗಳ, ಲೆಕ್ಕಾಚಾರ. ತಮ್ಮ ಬ್ರಾಹ್ಮಣ ಹುಟ್ಟು ಯಾವ ಬಾಗಿಲು ತೆರೆಯಿತು, ಯಾವುದನ್ನು ಮುಚ್ಚಿತು ಎಂಬುದನ್ನೂ ಬರೆದಿದ್ದಾರೆ. ವಿಂಗಡಿಸಿದ ಟಿಪ್ಪಣಿಗಳು ಸುಟ್ಟುಹೋದ ಮೇಲೆ ಬರೆದ ಪುಸ್ತಕವನ್ನು ಶಾಸ್ತ್ರವೆಂದು ಒಪ್ಪಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆದರೂ, ಒಬ್ಬ ಮಾನವಶಾಸ್ತ್ರಜ್ಞನಿಗೆ ಒಂದು ಹಳ್ಳಿ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಪರಿಣತರಲ್ಲದವರಿಗೆ ಇಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ನಮ್ಮ ಕಡೆಯಿಂದ ಬೇರೆ ಬಂದಿಲ್ಲ. ಟಿಪ್ಪಣಿಗಳು ಉಳಿದಿದ್ದರೆ ಇದು ಹೀಗೆ ಬರುತ್ತಿತ್ತೇ ಎಂಬ ಯೋಚನೆ ಓದಿದವರಿಗೆಲ್ಲ ಬರುತ್ತದೆ.

ಚಂದ್ರಶೇಖರ ಕಂಬಾರರು ಇನ್ನೊಂದು ದಾರಿ ಹಿಡಿದರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಮಹಾಪ್ರಬಂಧ ಬರೆದವರು, ಬಯಲಾಟದ ಅದೇ ಕಟ್ಟನ್ನು ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಎಬ್ಬಿಸಿ ನಿಲ್ಲಿಸಿದರು. ಪ್ರಬಂಧವನ್ನು ಓದದ ಸಾವಿರಾರು ಜನ ನಾಟಕ ನೋಡಿದ್ದಾರೆ. ಎಲ್ಲರಿಗೂ ಆಗುವ ಕೆಲಸವಲ್ಲ, ಬಿಡಿ.

ಸಂಶೋಧನೆಯನ್ನು ಹೀಗೆ ಜನಕ್ಕೆ ಹೇಳುವುದನ್ನು ಆಸಕ್ತಿ ಇರುವವರ ಪಾಲಿಗೆ ಬಿಡದೆ ಪದವಿಯ ವಿಧಿಯಲ್ಲೇ ಸೇರಿಸಿಕೊಂಡ ದೇಶಗಳಿವೆ. ಸ್ವೀಡನ್ನಿನಲ್ಲಿ ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಮಹಾಪ್ರಬಂಧದ ಪ್ರತಿಯನ್ನು ಸುತ್ತಿಗೆ ಹಿಡಿದು ಎಲ್ಲರಿಗೂ ಕಾಣುವ ಕಡೆ ಮೊಳೆ ಹೊಡೆದು ತೂಗುಹಾಕುವ ಪದ್ಧತಿ ಇದೆ. ಬೇಕಾದವರು ಓದಿಕೊಂಡು ಬರಲಿ ಎಂದು. ಡಚ್ಚರ ಪರೀಕ್ಷೆ ಮುಕ್ಕಾಲು ಗಂಟೆಯದು. ಹೊತ್ತು ಮುಗಿದ ಕೂಡಲೇ ವಿಶ್ವವಿದ್ಯಾನಿಲಯದ ದಂಡಧಾರಿ ಒಳಬಂದು, ಲ್ಯಾಟಿನ್ನಿನಲ್ಲಿ ಹೊತ್ತಾಯಿತು ಎಂದು ಸಾರುತ್ತಾನೆ. ಅಭ್ಯರ್ಥಿ ವಾಕ್ಯದ ನಡುವೆ ಇದ್ದರೂ ಸರಿ. ಅಲ್ಲಿ ಹಲವು ಕಡೆ ಪ್ರಶ್ನೆ ಶುರುವಾಗುವ ಮುನ್ನ ಮನೆಯವರಿಗೂ ಗೆಳೆಯರಿಗೂ ತಿಳಿಯುವಂತೆ ಹತ್ತು ಹದಿನೈದು ನಿಮಿಷ ಮಾತಾಡಬೇಕು. ಫಿನ್ಲೆಂಡಿನಲ್ಲಂತೂ ಈ ಮೊದಲ ಮಾತಿಗೆ ಪ್ರತ್ಯೇಕ ಹೆಸರು, ಇಪ್ಪತ್ತು ನಿಮಿಷದ ಮಿತಿ. ಪರೀಕ್ಷಕರ ಸರದಿ ಮುಗಿದ ಮೇಲೆ ಅಭ್ಯರ್ಥಿಯೇ ಸಭೆಯತ್ತ ತಿರುಗಿ, ಈ ಪ್ರಬಂಧದ ಬಗ್ಗೆ ಆಕ್ಷೇಪಣೆ ಇರುವವರು ಮಾತಾಡಬಹುದು ಎಂದು ಕರೆಯುತ್ತಾರೆ.

ನಮ್ಮಲ್ಲೂ ಯುಜಿಸಿ ನಿಯಮದ ಪ್ರಕಾರ ಈ ಮೌಖಿಕ ಪರೀಕ್ಷೆ, ಅಂದರೆ ವೈವಾ, ಮುಕ್ತವೇ. ಬಾಗಿಲು ತೆರೆದಿರುತ್ತದೆ, ಬರುವವರು ವಿಭಾಗದವರೇ. ಅಭ್ಯರ್ಥಿಯ ಮಾತು ಒಂದನೆಯ ಅಧ್ಯಾಯ ಪ್ರಸ್ತಾವನೆ, ಎರಡನೆಯದು ಪೂರ್ವಾಧ್ಯಯನಗಳ ಸಮೀಕ್ಷೆ ಎಂದು ಶುರುವಾಗಿ, ಉಪಸಂಹಾರದವರೆಗೆ ಅಧ್ಯಾಯಗಳ ಹೆಸರನ್ನೇ ಓದುತ್ತ ಹೋಗುತ್ತದೆ. ಮಹಾಪ್ರಬಂಧಗಳು ‘ಶೋಧಗಂಗಾ’ದಲ್ಲಿ ಯಾರು ಬೇಕಾದರೂ ತೆರೆದು ಓದುವಂತೆ ಇವೆ, ನಿಜ. ತೆರೆದಿಟ್ಟದ್ದನ್ನು ವಿವರಿಸಿದಂತೆ ಎನ್ನಲಾಗದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ‘ಅವಸರ್’ ಎಂಬ ಯೋಜನೆ ತಂದು, ಸಂಶೋಧನಾರ್ಥಿಗಳು ತಮ್ಮ ಕೆಲಸವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದರೆ ಬಹುಮಾನ ಕೊಡತೊಡಗಿತು. ಆಗ ಮೊದಲ ಬಹುಮಾನ ಒಂದು ಲಕ್ಷ ರೂಪಾಯಿ ಇತ್ತು. ಒಳ್ಳೆಯ ಕೆಲಸವೇ, ಆದರೆ ವಿಜ್ಞಾನಕ್ಕೆ ಮಾತ್ರ. ಅರ್ಥಶಾಸ್ತ್ರದವರು, ಜಾನಪದದವರು ಎಲ್ಲಿಗೆ ಹೋಗಬೇಕು?

ಕನ್ನಡಕ್ಕೆ ಈ ಕೆಲಸ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಪ್ರಚಾರೋಪನ್ಯಾಸಕ್ಕೆಂದು ಹಳ್ಳಿಗಳಿಗೆ ಹೋಗುತ್ತಿದ್ದರು, ಆ ಮಾತುಗಳು ಕಿರುಹೊತ್ತಗೆಗಳಾಗಿ ಕೆಲವೇ ಆಣೆಗಳಿಗೆ ಸಿಗುತ್ತಿದ್ದವು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಸಸ್ಯಗಳ ಒಳರಚನೆಯ ಮೇಲೆ ಕೆಲಸ ಮಾಡಿದ್ದ ಬಿ.ಜಿ.ಎಲ್. ಸ್ವಾಮಿ, ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಅಲೆದದ್ದನ್ನೇ ‘ಹಸುರು ಹೊನ್ನು’ ಮಾಡಿದರು. ಗಿಡದ ಗುರುತು ಹಿಡಿಯುವುದು ಹೇಗೆ, ಎಲ್ಲಿ ಮೋಸ ಹೋಗುತ್ತೇವೆ ಎಂಬುದನ್ನು ನಗಿಸುತ್ತಲೇ ಕಲಿಸುವ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈಗ ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಕರ್ನಾಟಕದಲ್ಲಿ ಸಲ್ಲಿಕೆಯಾಗುವ ಪ್ರತಿ ಮಹಾಪ್ರಬಂಧದ ಜೊತೆ, ಅದು ಯಾವ ಭಾಷೆಯದೇ ಇರಲಿ, ಯಾವ ಶಾಸ್ತ್ರದ್ದೇ ಇರಲಿ, ಕನ್ನಡದಲ್ಲಿ ಎರಡು ಪುಟ ಇರಬೇಕು. ಪ್ರಶ್ನೆ ಯಾಕೆ ಹುಟ್ಟಿತು, ಉತ್ತರಕ್ಕೆ ಏನು ಮಾಡಿದ್ದಾಯಿತು, ಎಲ್ಲಿ ಅಡ್ಡಿ ಬಂತು, ಇನ್ನೂ ಏನು ಗೊತ್ತಿಲ್ಲ ಎಂಬಷ್ಟು ಸಾಕು. ಆ ಪುಟಗಳನ್ನು ಪರೀಕ್ಷಿಸುವವರು ಬೇರೆ ವಿಭಾಗದವರಾಗಿರಬೇಕು. ರಸಾಯನಶಾಸ್ತ್ರದ್ದನ್ನು ಕನ್ನಡ ಮೇಷ್ಟರು ಓದಲಿ, ಕನ್ನಡದ್ದನ್ನು ಸಿವಿಲ್ ಎಂಜಿನಿಯರಿಂಗಿನವರು ಓದಲಿ. ಅರ್ಥವಾಗದಿದ್ದರೆ ವಾಪಸ್ ಕಳಿಸುವ ಅಧಿಕಾರ ಅವರಿಗಿರಲಿ.

ದತ್ತಿ ಉಪನ್ಯಾಸಗಳಿಗೂ ಇಲ್ಲೊಂದು ಕೆಲಸವಿದೆ. ತಂದೆತಾಯಿಯ ನೆನಪಿಗೆ ಯಾರೋ ಇಟ್ಟ ಹಣದ ಬಡ್ಡಿಯಲ್ಲಿ ತಾಲ್ಲೂಕು ತಾಲ್ಲೂಕಿನಲ್ಲೂ ಇವು ನಡೆಯುತ್ತವೆ. ವರ್ಷಕ್ಕೊಂದನ್ನಾದರೂ ಅದೇ ತಾಲ್ಲೂಕಿನಿಂದ ಹೋಗಿ ಹೊಸದಾಗಿ ಡಾಕ್ಟರೇಟ್ ಪಡೆದವರಿಗೆ ಕೊಡಬಹುದು. ಇಪ್ಪತ್ತು ನಿಮಿಷ ಅವರು ಮಾತಾಡಲಿ, ನಲವತ್ತು ನಿಮಿಷ ಊರಿನವರು ಪ್ರಶ್ನೆ ಕೇಳಲಿ. ಅಷ್ಟು ಹೊತ್ತು ಉಳಿಯಬೇಕಾದರೆ ಸ್ವಾಗತ, ಪರಿಚಯ, ಹಾರ ತುರಾಯಿ, ವಂದನಾರ್ಪಣೆ ಎಲ್ಲವನ್ನೂ ಹತ್ತು ನಿಮಿಷದೊಳಗೆ ಮುಗಿಸಬೇಕಾಗುತ್ತದೆ.